ಅಮ್ಮಿಣಿಗೆ ಬಿಟ್ಟ ತುಂಡು

ಆ ವರ್ಷ ಬೀಜದ ನೆಲ್ಲನ್ನು ಹಾಳು ಮಾಡಿದ್ದು ಉಪ್ಪುನೀರಲ್ಲ, ಸಿಗಡಿ ಗುತ್ತಿಗೆಯ ಬಾಬುವೂ ಅಲ್ಲ. ಹಾಳು ಮಾಡಿದ್ದು ನಮ್ಮ ಮರ್ಯಾದೆ. ಆ ದ್ವೀಪದಲ್ಲಿ ಈಗ ಯಾರನ್ನು ಕೇಳಿದರೂ ಬಾಬು ತೂಬು ತೆಗೆದ, ಗದ್ದೆ ಮುಳುಗಿತು ಎನ್ನುತ್ತಾರೆ. ಸುಳ್ಳು. ಬಾಬು ತೆಗೆಯುತ್ತೇನೆ ಎಂದ ದಿನಕ್ಕಿಂತ ತಡವಾಗಿಯೇ ತೆಗೆದ. ಆ ತುಂಡು ಗದ್ದೆಗೆ ಬೇಕಾದಷ್ಟು ಕೈಗಳಿದ್ದವು, ಕತ್ತಿಗಳಿದ್ದವು, ಹಗಲೂ ಇತ್ತು. ಆದರೂ ಅದು ಕೊಯ್ಯದೆ ನಿಂತಿತು.

ನಾನು ಕುಂಬಳೆ ಕಡೆಯವಳು. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಗದ್ದೆ. ಗಂಡನಿಗೆ ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತೆಂದು ಅವನ ಹಿಂದೆ ಹೋದೆ. ಅಲ್ಲಿಂದ ಬೋಟು ದಾಟಿ, ಬಸ್ಸು ಹತ್ತಿ, ಮತ್ತೆ ಸಣ್ಣ ದೋಣಿ ಹಿಡಿದರೆ ಒಂದು ದ್ವೀಪ. ಅಲ್ಲಿ ಸಮುದ್ರದ ನೀರು ಬಂದು ಹೋಗುವ ಗದ್ದೆಗಳು. ಮಳೆಗಾಲದಲ್ಲಿ ನೆಲ್ಲು, ಮಳೆ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಆ ನೆಲ್ಲಿಗೆ ಪೊಕ್ಕಾಳಿ ಎನ್ನುತ್ತಾರೆ. ಅಲ್ಲಿ ನಾನು ಮುದುಕಿಯಾಗುವವರೆಗೆ ಕೊಯ್ದೆ. ಎರಡು ಸಾವಿರದ ಇಸವಿ ಕಳೆದ ಮೇಲಿನ ವರ್ಷಗಳಲ್ಲಿ ಕೊಯ್ಲಿನ ಹೆಂಗಸರ ತಂಡಕ್ಕೆ ನಾನೇ ಮುಂದಾಳು.

ಈಗ ತಿರುವನಂತಪುರದಲ್ಲಿ, ಶ್ರೀಕಾರ್ಯದ ಮಗಳ ಮನೆಯಲ್ಲಿ ಇದ್ದೇನೆ. ಪಕ್ಕದ ಬಾಡಿಗೆ ಮನೆಗೆ ಬೆಳೆ ಸಂಶೋಧನೆಯ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಧಾರವಾಡದವಳು. ಭಾನುವಾರ ನಮ್ಮಲ್ಲಿ ಊಟಕ್ಕೆ ಬರುತ್ತಾಳೆ. ಅವಳೇ ಒಂದು ದಿನ ಕೇಳಿದಳು: "ಅಜ್ಜಿ, ಮುಂದಿನ ತಿಂಗಳ ನನ್ನ ಗದ್ದಿ ಮ್ಯಾಲ ಹಾಕ್ತಾರ. ಸುಗ್ಗ್ಯಾಗ ಏನೇನ ನೋಡ್ಬೇಕು, ಬರದ ಕೊಡ್ರಿ." ಬರೆಯಲು ಕೂತೆ. ಮೊಮ್ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಅಮ್ಮೂಮ್ಮೇ, ಇದೊಕ್ಕೆ ಆರು ವಾಯಿಕ್ಕುಂ?" ಎಂದಳು. ಇದನ್ನೆಲ್ಲ ಯಾರು ಓದುತ್ತಾರೆ ಅಂತ. ನಿನ್ನನ್ನು ಬಿಟ್ಟು ಉಳಿದವರು ಓದುತ್ತಾರೆ ಎಂದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಮೊದಲು ತಯಾರಿಯ ವಿಷಯ. ಕೊಯ್ಲು ಶುರುವಾಗುವುದು ಕತ್ತಿ ಹಿಡಿದ ದಿನ ಅಲ್ಲ. ಓಣಂ ಊಟದ ಎಲೆ ಎತ್ತಿದ ಕೂಡಲೇ ನಾನು ಮನೆಮನೆಗೆ ಹೊರಡುತ್ತಿದ್ದೆ. ಕೊಯ್ಲಿಗೆ ಬರುತ್ತೀಯಾ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಎಲ್ಲರೂ ಬರುತ್ತೇನೆ ಎನ್ನುತ್ತಾರೆ. ಮಂಡಿ ಹೇಗುಂಟು, ಮಗಳಿಗೆ ಎಷ್ಟು ತಿಂಗಳು, ಗಂಡನ ಕುಡಿತ ಎಲ್ಲಿಗೆ ಬಂತು, ಇದನ್ನು ಕೇಳಬೇಕು. ಆಗ ಯಾರು ಬರುತ್ತಾರೆ, ಯಾರು ಅರ್ಧಕ್ಕೆ ಬಿಡುತ್ತಾರೆ ಎಂದು ತಾನಾಗಿ ತಿಳಿಯುತ್ತದೆ. ಆಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿಗಳನ್ನು ಕೂಡಿಹಾಕಬೇಕು, ನೆಲ್ಲಿನ ಎಲೆ ಬರಿ ತೋಳನ್ನು ಗೀರಿ ಬಿಡುತ್ತದೆ, ಗೀರಿದಲ್ಲಿ ಉಪ್ಪುನೀರು ಹೊಕ್ಕರೆ ಉರಿ ಹೇಳುವುದು ಬೇಡ. ದೋಣಿಗಳ ತೂತಿಗೆ ಟಾರು ಹಚ್ಚಿಸಬೇಕು. ಕೊಯ್ದ ತೆನೆಯೆಲ್ಲ ದೋಣಿಯಲ್ಲೇ ದಡಕ್ಕೆ ಬರಬೇಕು, ತಲೆಹೊರೆಗೆ ಅಲ್ಲಿ ದಾರಿ ಇಲ್ಲ. ಎಲ್ಲಕ್ಕಿಂತ ಮುಖ್ಯ ತೂಬು ಕಾಯುವವನ ಹತ್ತಿರ ಜಗಳ ಮಾಡಿಕೊಳ್ಳಬಾರದು. ಗದ್ದೆಯ ನೀರು ಸೊಂಟದ ಮಟ್ಟಕ್ಕೆ ಇದ್ದರೆ ಕೊಯ್ಯಬಹುದು, ಎದೆಗೆ ಬಂದರೆ ಆಗುವುದಿಲ್ಲ, ಮೊಣಕಾಲಿಗೆ ಇಳಿದರೆ ದೋಣಿ ತೇಲುವುದಿಲ್ಲ. ಎಲ್ಲ ಅವನ ಕೈಯಲ್ಲಿ.

ಹೊಸತರಲ್ಲಿ ನನಗೆ ಇದೇನೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ನೆಲ್ಲನ್ನು ಬುಡದಲ್ಲಿ ಕೊಯ್ಯುತ್ತೇವೆ, ದನಕ್ಕೆ ಹುಲ್ಲು ಬೇಕಲ್ಲ. ಮೊದಲ ದಿನ ಆ ನೀರಿಗೆ ಇಳಿದವಳೇ ಬುಡ ಹುಡುಕುತ್ತ ಮುಳುಗಿದೆ. ಒಂದು ಬಾಯಿ ಉಪ್ಪುನೀರು ಕುಡಿದು ಎದ್ದಾಗ ಸಾಲಿಗೆ ಸಾಲೇ ನಗುತ್ತಿತ್ತು. ಪಕ್ಕದಲ್ಲಿದ್ದವಳು ಅಮ್ಮಿಣಿ. ಕಪ್ಪಗೆ, ಸಣ್ಣಗೆ, ಬಾಯಲ್ಲಿ ಯಾವಾಗಲೂ ಎಲೆಯಡಿಕೆ.

"ಎಡೀ ಕನ್ನಡಕ್ಕಾರೀ," ಎಂದಳು, "ಕೆಳಗೆ ಎಂತ ಹುಡುಕ್ತಿ? ಮೀನು ಹಿಡಿಯುವ ಕೆಲಸ ಮುಂದಿನ ತಿಂಗಳು. ಈಗ ಮೇಲಿಂದ ತೆನೆ ಮಾತ್ರ ತೆಗಿ."

ಅವರೆಲ್ಲ ಮಾತಾಡಿದ್ದು ಮಲಯಾಳದಲ್ಲಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನಗೆ ಅವರ ಮಾತು ನೆನಪಿಗೆ ಬರುವುದೇ ಹಾಗೆ. ಅಲ್ಲಿ ತೆನೆಯಿರುವ ಮೇಲಿನ ಗೇಣು ಮಾತ್ರ ಕೊಯ್ಯುವುದು, ಉಳಿದ ಹುಲ್ಲು ನೀರಲ್ಲೇ ಕೊಳೆತು ಸಿಗಡಿಗೆ ಆಹಾರ. ಕತ್ತಿಯನ್ನು ಎಳೆಯದೆ ಮಣಿಕಟ್ಟು ತಿರುಗಿಸಿ ಕೊಯ್ಯುವುದನ್ನು ಅಮ್ಮಿಣಿ ನನ್ನ ಕೈ ಹಿಡಿದು ಕಲಿಸಿದಳು. ಆಮೇಲೆ ನಾನು ಮುಂದಾಳಾದಾಗ ಅವಳಿಗೆ ಹೊಟ್ಟೆಕಿಚ್ಚು ಆಗಲಿಲ್ಲವೋ ಆಯಿತೋ, ತೋರಿಸಲಿಲ್ಲ. "ಮೇಸ್ತ್ರಿಣಿ ಬಂದ್ರು, ಎಲೆಯಡಿಕೆ ಉಗೀರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ತಾನು ಮಾತ್ರ ಜಗಿಯುತ್ತಲೇ ಇರುತ್ತಿದ್ದಳು.

ನಮ್ಮ ಮೇಲಿನವರು ಪೌಲೋಸ್ ಮಾಷ್. ರಿಟೈರಾದ ಶಾಲೆ ಮಾಷ್ಟ್ರು, ಗದ್ದೆ ಮಾಲೀಕರ ಸಮಿತಿಗೆ ಕಾರ್ಯದರ್ಶಿ. ಮಾಲೀಕರಲ್ಲಿ ಮುಕ್ಕಾಲು ಮಂದಿ ಆಗಲೇ ಎರ್ನಾಕುಲಂ, ಎಡಪ್ಪಳ್ಳಿ ಕಡೆ ಮನೆ ಕಟ್ಟಿ ಹೋಗಿದ್ದರು. ಅವರಿಗೆ ನೆಲ್ಲಿನ ಮೇಲೆ ಆಸೆ ಇಲ್ಲ. ವರ್ಷ ಪೂರ್ತಿ ಸಿಗಡಿಗೆ ಕೊಟ್ಟುಬಿಡೋಣ, ಈ ಕೊಯ್ಲಿನ ಗಲಾಟೆ ಯಾಕೆ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಮಾಷ್ ಒಬ್ಬರೇ ಅಡ್ಡ ನಿಂತವರು. ಅವರ ಮಾತು ಯಾವಾಗಲೂ ಒಂದೇ: "ಬೀಜ ನಮ್ಮದೇ ಉಂಟು, ಹೆಂಗಸರು ಉಂಟು. ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ. ಆರು ತಿಂಗಳು ನೆಲ್ಲಿಗೆ ಬಿಡಿ." ಅಷ್ಟರ ಮೇಲೆ ನಿಂತಿತ್ತು ನಮ್ಮೆಲ್ಲರ ಕೆಲಸ, ನಮ್ಮ ಪಾಲಿಗೆ ಬರುವ ಅಕ್ಕಿ. ಕೊಯ್ದವಳಿಗೆ ಕೊಯ್ದದ್ದರಲ್ಲೇ ಪಾಲು, ಅದು ಆ ಕಡೆಯ ಕ್ರಮ.

ಇನ್ನೊಂದು ಕ್ರಮವನ್ನು ಈಗ ಹೇಳಬೇಕು. ಬೇಸಗೆಯಲ್ಲಿ ಗದ್ದೆಯ ನೀರು ಬಸಿದು ಮಣ್ಣಿನ ಗುಡ್ಡೆ ಮಾಡುತ್ತಾರೆ. ಮಳೆ ಬಿದ್ದು ಗುಡ್ಡೆಯ ಉಪ್ಪು ತೊಳೆದ ಮೇಲೆ ಅದರ ಮೇಲೆ ಬೀಜ ಹಾಕಿ, ಸಸಿ ಎದ್ದ ಮೇಲೆ ಗುಡ್ಡೆಯನ್ನು ಒಡೆದು ಸುತ್ತ ಹರಡುವುದು. ಯಾವ ಹೆಂಗಸು ಯಾವ ತುಂಡಿನ ಗುಡ್ಡೆ ಒಡೆದು ಕಳೆ ಕಿತ್ತಳೋ ಆ ತುಂಡಿನ ಕೊಯ್ಲು ಅವಳದ್ದು. ಬೇರೆಯವಳು ಅದಕ್ಕೆ ಕತ್ತಿ ಹಾಕಿದರೆ, ನಿನ್ನ ಕೈಯಲ್ಲಿ ಆಗುವುದಿಲ್ಲ, ನೀನು ಮುಗಿದೆ ಎಂದು ಹೇಳಿದ ಹಾಗೆ. ಒಮ್ಮೆ ಅತ್ತೆ ಸೊಸೆ ಇದೇ ಕಾರಣಕ್ಕೆ ಮೂರು ಓಣಂ ಮಾತಾಡಲಿಲ್ಲ. ಒಬ್ಬಳಿಗೆ ಜ್ವರ ಬಂದರೆ ಬೇರೆ ಎಲ್ಲ ಕೊಯ್ದು ಅವಳ ತುಂಡನ್ನು ಕೊನೆಗೆ ಬಿಟ್ಟು ಕಾಯುತ್ತಿದ್ದೆವು. ಯಾವ ವರ್ಷವೂ ಅದರಿಂದ ತೊಂದರೆ ಆಗಿರಲಿಲ್ಲ.

ಅಮ್ಮಿಣಿಯ ತುಂಡು ನೀರು ತಡೆಯುವ ದೊಡ್ಡ ಕಟ್ಟದ ಪಕ್ಕದ್ದು. ಅವಳು ಕಳೆ ಕಿತ್ತರೆ ಬೇರೆ ಜಾತಿಯ ಒಂದು ಕಡ್ಡಿ ಉಳಿಯುತ್ತಿರಲಿಲ್ಲ. ಆದ್ದರಿಂದ ಬೀಜಕ್ಕೆಂದು ಇಡುವುದು ಯಾವಾಗಲೂ ಆ ತುಂಡಿನ ನೆಲ್ಲನ್ನೇ.

ಮೊದಲು ಬೇರೆಯವರೂ ಸ್ವಲ್ಪ ಸ್ವಲ್ಪ ಬೀಜ ತೆಗೆದಿಡುತ್ತಿದ್ದರು. ಆಗ ಒಕ್ಕುವುದು ಕಾಲಲ್ಲಿ. ಕಟ್ಟದ ಮೇಲೆ ಚಾಪೆ ಹಾಸಿ, ಬಿದಿರು ಹಿಡಿದು ನಿಂತು, ತೆನೆಯನ್ನು ತುಳಿದು ತುಳಿದು ಅಂಗಾಲು ಸುಲಿದು ಹೋಗುತ್ತಿತ್ತು. ಆಮೇಲೆ ಮಾಷ್ ಒಕ್ಕುವ ಮಿಷನ್ ತರಿಸಿದರು. ಈ ಕಡೆ ತೆನೆ ಹಾಕಿದರೆ ಆ ಕಡೆ ನೆಲ್ಲು. ಅದನ್ನು ಅಲ್ಲೇ ಚೀಲಕ್ಕೆ ತುಂಬಿ, ದೋಣಿಯಲ್ಲಿ ದಾಟಿಸಿ, ಲಾರಿಗೆ ಹಾಕಿ ಮಿಲ್ಲಿಗೆ ಕಳಿಸುವುದು. ನಾನು ಮಿಷನನ್ನು ದೂರುವವಳಲ್ಲ. ಅದು ಬಂದ ವರ್ಷ ನನ್ನ ಕಾಲಿಗೆ ಹೊಸ ಚರ್ಮ ಬಂತು. ಆದರೆ ಅದು ಬಂದ ಮೇಲೆ ಯಾರ ಮನೆಯಲ್ಲೂ ಬೀಜ ಉಳಿಯಲಿಲ್ಲ. ಅಮ್ಮಿಣಿಯದ್ದು ಉಂಟಲ್ಲ ಎಂದು ಎಲ್ಲರೂ ಸುಮ್ಮನಿದ್ದೆವು.

ಹೆಂಗಸರೂ ಕಡಿಮೆಯಾಗುತ್ತಾ ಬಂದರು. ಎಡಪ್ಪಳ್ಳಿಯ ಬಟ್ಟೆ ಅಂಗಡಿಗಳಿಗೆ ಹರೆಯದವರು ಹೊರಟರು. ಸಿನಿ ಎಂಬವಳು ಒಳ್ಳೆ ಕೈ, ನಾನೇ ಕಲಿಸಿದ್ದು. ಒಂದು ದಿನ ಅಂಗಡಿಯ ಸೀರೆ ಉಟ್ಟು, ಹೆಸರಿನ ಬಿಲ್ಲೆ ಚುಚ್ಚಿಕೊಂಡು ಜೆಟ್ಟಿಯಲ್ಲಿ ನಿಂತಿದ್ದಳು.

"ಚೇಚಿ, ಬಯ್ಯಬೇಡಿ. ಅಲ್ಲಿ ಫ್ಯಾನ್ ಉಂಟು," ಎಂದಳು. ಚೇಚಿ ಎಂದರೆ ಅಕ್ಕ.

"ಕೂರ್ಲಿಕ್ಕೆ ಬಿಡ್ತಾರಾ?"

"ಇಲ್ಲ, ನಿಲ್ಲಬೇಕು."

"ಇಲ್ಲಿಯೂ ನಿಲ್ಲುದೇ ಅಲ್ವಾ?"

"ಇಲ್ಲಿ ಸೊಂಟದವರೆಗೆ ನೀರು, ಚೇಚಿ," ಎಂದಳು. ಹೋಗು ಎಂದೆ. ಹೋಗುವವರನ್ನು ಶಪಿಸಬಾರದು, ಇದನ್ನೂ ಧಾರವಾಡದ ಹುಡುಗಿ ಬರೆದುಕೊಳ್ಳಲಿ. ಇರುವವರನ್ನು ನೋಡಿಕೊಳ್ಳಬೇಕು.

ಹಾಗೆ ಇರುವವರನ್ನು ನೋಡಿಕೊಂಡದ್ದರಿಂದಲೇ ಆದ ಕಥೆ ಇದು.

ಆ ವರ್ಷ ಮಳೆ ತಡವಾಗಿ ಹಿಡಿದು ತಡವಾಗಿ ಬಿಟ್ಟಿತು. ನೆಲ್ಲು ಹಣ್ಣಾಗುವುದೂ ತಡವಾಯಿತು. ಬಾಬುವಿನ ಗುತ್ತಿಗೆ ನವೆಂಬರಿನ ನಡುವಿಗೆ ಶುರು. ತೂಬು ತೆಗೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದರ ಜೊತೆ ಸಿಗಡಿ ಮರಿಗಳು ಬರುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ತಪ್ಪಿದರೆ ಅವನಿಗೆ ನಷ್ಟ. ಅವನು ಕಟ್ಟದ ಮೇಲೆ ಬಂದು ಕೂತು ನಮ್ಮ ಕೈಗಳನ್ನೇ ನೋಡುತ್ತಿದ್ದ. ಅಮ್ಮಿಣಿ ಅವನಿಗೆ, "ಬಾಬೂ, ಹಾಗೆ ನೋಡಬೇಡ, ತೆನೆ ನಾಚಿಕೊಳ್ತದೆ. ಕತ್ತಿ ಹಿಡ್ಕೊಂಡು ಇಳಿ" ಎನ್ನುತ್ತಿದ್ದಳು. ಅವನು ನಗುತ್ತಿದ್ದ. ಕೆಟ್ಟವನಲ್ಲ.

ಕೊಯ್ಲು ಅರ್ಧಕ್ಕೆ ಬಂದಾಗ ಅಮ್ಮಿಣಿಗೆ ಫೋನ್ ಬಂತು, ಮಾಷ್ ಮನೆಗೆ. ಅವಳ ಮಗಳನ್ನು ತಿರುವನಂತಪುರಕ್ಕೆ ಕೊಟ್ಟಿತ್ತು. ತುಂಬಿದ ಬಸುರಿ, ದಿನ ಆಗುವ ಮೊದಲೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮಿಣಿ ಒದ್ದೆ ಸೀರೆಯಲ್ಲೇ ದೋಣಿ ಹತ್ತಿದಳು.

"ನೋಡ್ಕೊಂಡು ಬೇಗ ಬಂದುಬಿಡ್ತೇನೆ," ಎಂದಳು.

"ಇಲ್ಲಿಯದ್ದು ಯೋಚನೆ ಮಾಡಬೇಡ," ಎಂದೆ.

ಅಷ್ಟೇ ಮಾತು. ಅವಳ ತುಂಡಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳು ಆಸ್ಪತ್ರೆಯಲ್ಲಿರುವಾಗ ನೆಲ್ಲಿನ ಮಾತು ಯಾರು ಎತ್ತುತ್ತಾರೆ?

ನಾವು ಉಳಿದದ್ದನ್ನೆಲ್ಲ ಕೊಯ್ದು ಮುಗಿಸಿದೆವು. ಕೊನೆಗೆ ಕಟ್ಟದ ಪಕ್ಕ ಆ ಒಂದೇ ತುಂಡು ನಿಂತಿತು, ಬಂಗಾರದ ಬಣ್ಣಕ್ಕೆ ತಿರುಗಿ. ಸುತ್ತ ಎಲ್ಲ ಬರೀ ಕಂದು ನೀರು. ಮಧ್ಯಾಹ್ನದ ಗಂಜಿಗೆ ಕೂತಾಗ ನಾನು ಎಲ್ಲರನ್ನೂ ಕೇಳಿದೆ: "ಏನು ಮಾಡುದು?"

ರೋಸಮ್ಮ ಎಂಬ ಹಿರಿಯವಳು, "ಕಾಯುವ. ನಾಳೆಯೋ ನಾಡಿದ್ದೋ ಬರ್ತಾಳೆ. ಅವಳ ಹೊಟ್ಟೆಗೆ ನಾವು ಕತ್ತಿ ಹಾಕ್ಲಿಕ್ಕಿಲ್ಲ" ಎಂದಳು. ಬೇರೆ ಯಾರೂ ಬೇರೆ ಮಾತು ಹೇಳಲಿಲ್ಲ. ನನಗೂ ಹಾಗೇ ಅನಿಸಿತು. ಮಾಷ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಒರೆಸಿ, "ಅದು ಅಮ್ಮಿಣಿಯದ್ದು. ನಾನು ಹೇಗೆ ಕೊಯ್ಯಿ ಎಂದು ಹೇಳಲಿ? ಬಾಬುವಿನ ಹತ್ತಿರ ಮಾತಾಡ್ತೇನೆ" ಎಂದರು. ಬಾಬು ಗೊಣಗಿದ, ಆದರೆ ಒಪ್ಪಿದ. ಮೊದಲು ಹೇಳಿದ್ದ ಉಬ್ಬರವನ್ನು ಬಿಟ್ಟು ಮುಂದಿನ ದೊಡ್ಡ ಉಬ್ಬರಕ್ಕೆ ತೆಗೆಯುತ್ತೇನೆ, ಅದರ ಮೇಲೆ ಒಂದು ಗಳಿಗೆಯೂ ಇಲ್ಲ ಎಂದ.

ಅಮ್ಮಿಣಿಯ ಅಳಿಯನ ಹತ್ತಿರ ಮೊಬೈಲು ಇತ್ತು. ಮಾಷ್ ಮನೆಯಿಂದ ಫೋನ್ ಮಾಡಿಸಿದೆ. ಅವನು ಅಮ್ಮಿಣಿಯ ಕೈಗೆ ಕೊಟ್ಟ, ಹಿಂದೆ ಆಸ್ಪತ್ರೆಯ ವರಾಂಡದ ಗಲಾಟೆ ಕೇಳುತ್ತಿತ್ತು.

"ಹೆರಿಗೆ ಆಯ್ತಾ?" ಎಂದೆ.

"ಆಯ್ತು. ಗಂಡು. ಮಗಳಿಗೆ ರಕ್ತ ಹೋದದ್ದು ನಿಂತಿಲ್ಲ. ಡಾಕ್ಟ್ರು ನೋಡುವ ಅಂತಾರೆ."

"ನೀನು ಊಟ ಮಾಡಿದ್ಯಾ?"

"ಮಾಡ್ತೇನೆ. ಅಲ್ಲಿ ಎಲ್ಲ ಹೇಗೆ?"

"ಇಲ್ಲಿ ಎಲ್ಲ ಸರಿ ಉಂಟು," ಎಂದೆ.

ನಿನ್ನ ತುಂಡು ಕೊಯ್ಯಲಾ ಎಂದು ಕೇಳಬಹುದಿತ್ತು. ಕೇಳಿದರೆ, ನಿನ್ನನ್ನು ಕಾಯುವುದು ಬಿಟ್ಟೆವು ಎಂದ ಹಾಗೆ. ಅವಳು ಅಲ್ಲಿ ಅಂಥ ಸ್ಥಿತಿಯಲ್ಲಿ ಇರುವಾಗ ಹಾಗೆ ಕೇಳುವ ಬಾಯಿ ನಮ್ಮ ತಂಡದಲ್ಲಿ ಯಾರಿಗೂ ಇರಲಿಲ್ಲ. ಇನ್ನೊಮ್ಮೆ ಫೋನ್ ಮಾಡಿದಾಗಲೂ ಅದೇ ಮಾತು. ಮಗಳು ಹೇಗಿದ್ದಾಳೆ, ಮಗು ಹಾಲು ಕುಡಿಯುತ್ತದಾ. ನಾಳೆ ಹೊರಡುತ್ತೇನೆ ಎಂದಳು. ಹೊರಡಲಾಗಲಿಲ್ಲ.

ಬಾಬು ತೂಬು ತೆಗೆದದ್ದು ಹಗಲು ಹೊತ್ತು, ನಮ್ಮೆಲ್ಲರ ಎದುರು. ನಾವು ಕಟ್ಟದ ಮೇಲೆ ನಿಂತಿದ್ದೆವು. ಹಲಗೆ ಎತ್ತುವ ಮೊದಲು ಅವನು ನನ್ನ ಮುಖ ನೋಡಿ, "ಚೇಚಿ, ಈಗಲೂ ಹೇಳಿ. ನೀವೆಲ್ಲ ಇಳಿದರೆ ಒಂದು ಹೊತ್ತಿನ ಕೆಲಸ" ಎಂದ. ಯಾರೂ ಇಳಿಯಲಿಲ್ಲ. ರೋಸಮ್ಮ ಜೆಟ್ಟಿಯ ಕಡೆ ನೋಡುತ್ತಿದ್ದಳು, ದೋಣಿಯಲ್ಲಿ ಅಮ್ಮಿಣಿ ಬರುತ್ತಾಳೋ ಎಂದು. ಹಲಗೆ ಎದ್ದಿತು. ನೀರು ಸದ್ದಿಲ್ಲದೆ ಬಂತು. ಮೊದಲು ತೆನೆಯ ಕುತ್ತಿಗೆಗೆ, ಆಮೇಲೆ ತೆನೆಗೆ. ಹಣ್ಣಾದ ತೆನೆ ಭಾರಕ್ಕೆ ಬಾಗಿಯೇ ಇತ್ತು, ಬೇಗ ಮುಳುಗಿತು.

ಮುಳುಗಿದ ಹಣ್ಣು ನೆಲ್ಲು ತಡ ಮಾಡದೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಬೀಜಕ್ಕಂತೂ ಆಗುವುದಿಲ್ಲ.

ಅಮ್ಮಿಣಿ ಬಂದದ್ದು ಅದಾದ ಮೇಲೆ. ಮಗಳು ಉಳಿದಿದ್ದಳು, ಅದೊಂದು ಒಳ್ಳೆಯದಾಯಿತು. ದೋಣಿಯಿಂದ ಇಳಿದವಳು ನೇರ ಕಟ್ಟದ ಮೇಲೆ ಬಂದು ನಿಂತಳು. ನಾನು ಹಿಂದೆಯೇ ಹೋದೆ. ಅವಳು ನೀರು ನೋಡಿದಳು, ನನ್ನನ್ನು ನೋಡಿದಳು.

"ಕೊಯ್ಲಿಲ್ವಾ?"

"ನಿನ್ನದಲ್ವಾ. ಕಾದೆವು."

"ಪೊಟ್ಟಿಗಳಾ," ಎಂದಳು. ದಡ್ಡಿಯರು ಅಂತ. "ನೀವು ಕೊಯ್ದಿರ್ತೀರಿ ಅಂತಲೇ ನಾನು ಕೇಳಲಿಲ್ಲ. ಕೇಳಿದ್ರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದಲ್ಲ ಅಂತ ಬಾಯಿ ಮುಚ್ಚಿಕೊಂಡೆ."

"ನಾನೂ ಹಾಗೇ ಕೇಳಲಿಲ್ಲ."

ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ನೀರಿಗೆ ಉಗಿದಳು. ನನಗೆ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ನಾವಿಬ್ಬರೂ ಅಷ್ಟು ವರ್ಷ ಒಂದೇ ಸಾಲಿನಲ್ಲಿ ನಿಂತು ಕೊಯ್ದವರು, ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಂಡವರು. ಒಂದು ಮಾತು ಕೇಳಲು ಇಬ್ಬರಿಗೂ ಆಗಲಿಲ್ಲ. ಅವಳು ಆಮೇಲೆ ಮಗಳ ಮಗುವನ್ನು ನೋಡಿಕೊಳ್ಳಲೆಂದು ದ್ವೀಪ ಬಿಟ್ಟು ಹೋದಳು. ಈಗ ನಾನಿರುವ ಊರಲ್ಲೇ ಎಲ್ಲೋ ಇರಬೇಕಿತ್ತು. ಹುಡುಕಿಸಿದೆ, ನನಗೆ ಸಿಕ್ಕಲಿಲ್ಲ.

ಅಮ್ಮಿಣಿ ಬಂದ ದಿನ ಸಂಜೆಯೇ ಮಾಲೀಕರ ಸಭೆ ಸೇರಿತು, ಮಾಷ್ ಮನೆಯ ಜಗಲಿಯಲ್ಲಿ. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಎಡಪ್ಪಳ್ಳಿಯಿಂದ ಬಂದ ಒಬ್ಬರು ಕೇಳಿದರು: "ಮಾಷೇ, ಬೀಜ ಉಂಟು ಅಂತಿದ್ದಿರಿ. ಎಲ್ಲುಂಟು?"

ಮಾಷ್, "ಬೇರೆ ದ್ವೀಪದಿಂದ ತರಬಹುದು" ಎಂದರು.

"ಯಾರು ತರ್ತಾರೆ? ಯಾಕೆ ತರಬೇಕು?"

ಬೀಜ ತರುವುದು ಕಷ್ಟದ ಕೆಲಸ ಆಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಮಾಷ್ ಆಡಿದ ಮಾತಿನ ಒಂದು ಕಾಲು ಮುರಿದಿತ್ತು, ಇನ್ನೊಂದು ಕಾಲು ಎಂದರೆ ನಾವು ಹೆಂಗಸರು, ನಾವೂ ವರ್ಷ ವರ್ಷ ಸವೆಯುತ್ತಿದ್ದೆವು. ಬರುವ ಮಳೆಗೆ ಗುಡ್ಡೆ ಹಾಕುವುದು ಬೇಡ, ವರ್ಷ ಪೂರ್ತಿ ಸಿಗಡಿ ಎಂದು ತೀರ್ಮಾನವಾಯಿತು. ಕೈ ಎತ್ತದೆ ಕೂತವರು ಮಾಷ್ ಒಬ್ಬರೇ. ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, "ಪಕ್ಕದ ದ್ವೀಪದಲ್ಲಿ ಕೊಯ್ಲು ಇನ್ನೂ ಮುಗಿದಿಲ್ಲವಂತೆ. ಕೈ ಸಾಲದೆ ಕೇಳ್ತಿದ್ದಾರೆ. ಹೋಗ್ತೀಯಾ?" ಎಂದರು. ಅವರಿಗೆ ನನ್ನ ಮುಖ ನೋಡಲಾಗುತ್ತಿರಲಿಲ್ಲ, ನನಗೆ ಅವರದ್ದು.

ಮರುದಿನ ಬೆಳಿಗ್ಗೆ ಮೊದಲ ದೋಣಿಗೆ ಹೋದೆ. ಬೇರೆ ಯಾರೂ ಬರಲಿಲ್ಲ. ಆ ಗದ್ದೆಯ ಹೆಂಗಸರು ನನಗೆ ಗುರುತಿನವರಲ್ಲ. ಹೆಚ್ಚು ಕಡಿಮೆ ಎಲ್ಲ ಕೊಯ್ದಾಗಿತ್ತು, ನಡುವೆ ಒಂದು ಸಣ್ಣ ತುಂಡು ಹಾಗೇ ನಿಂತಿತ್ತು. ತೆನೆ ಕೆಂಪಾಗಿ ನೀರಿನ ಕಡೆ ಬಾಗಿತ್ತು.

"ಅದು ಯಾರದ್ದು?" ಎಂದು ಕೇಳಿದೆ.

"ಸರಸುವಿನದ್ದು. ಜ್ವರದಲ್ಲಿ ಮಲಗಿದ್ದಾಳೆ, ನಾಳೆ ಬರ್ತಾಳೆ. ನೀವು ಈ ಕಡೆ ಬನ್ನಿ ಚೇಚಿ," ಎಂದರು.

ನಾನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಆ ತುಂಡಿಗೇ ಇಳಿದೆ. ಹಿಂದಿನಿಂದ ಒಬ್ಬಳು, "ಇವಳು ಯಾವ ಊರವಳು, ಮಾನ ಇಲ್ಲದವಳು" ಎಂದಳು. ಇನ್ನೊಬ್ಬಳು ಇಳಿದು ಬಂದು ನನ್ನ ತೋಳು ಹಿಡಿದಳು. ಬಿಡಿಸಿಕೊಂಡೆ. ಆಮೇಲೆ ಯಾರೂ ಹತ್ತಿರ ಬರಲಿಲ್ಲ, ಗಂಜಿಗೂ ಕರೆಯಲಿಲ್ಲ. ಬಿಸಿಲು ಇಳಿಯುವ ಮೊದಲು ಅಷ್ಟನ್ನೂ ಕೊಯ್ದು, ಸೂಡಿ ಕಟ್ಟಿ, ದೋಣಿಗೆ ಹಾಕಿ, ಸರಸುವಿನ ಮನೆ ಯಾವುದೆಂದು ಕೇಳಿ ಅವಳ ಅಂಗಳದಲ್ಲಿ ಇಳಿಸಿ ಬಂದೆ.